ಎರಡನೆಯ ಸಲ ಕೇಳುವವರು

ಸ್ವೀಡನ್ನಿನ ಯೋನ್‌ಶೋಪಿಂಗ್‌ನಲ್ಲಿ ಓದುತ್ತಿರುವ ನಮ್ಮ ಕನ್ನಡದ ಕ್ರೈಸ್ತ ಹುಡುಗರು ಕಳೆದ ವರ್ಷ ನನ್ನನ್ನು ಮಾತಿಗೆ ಕರೆದಿದ್ದರು. ನಾನು ಆಗಷ್ಟೇ ನಿವೃತ್ತಳಾಗಿ ಮನೆಯಲ್ಲಿ ಕೂತಿದ್ದೆ. ಯಾರಾದರೂ ಕರೆದರೆ ಸಾಕು, ಎದ್ದು ಹೊರಡುವ ಸ್ಥಿತಿ. ಮಾತು ಮುಗಿದ ಮೇಲೆ, ನಾನು ಮಾಡಿದ ಕೆಲಸಕ್ಕೇ ಸೇರಲಿದ್ದ ಒಬ್ಬಳು ಕೇಳಿದಳು: "ಆಂಟಿ, ದೇವರ ಸೇವೆ ನಿಯತ್ತಾಗಿ ಮಾಡೋಕೆ ಮೇನ್ ಆಗಿ ಏನ್ ಬೇಕು?" ನಾನು "ಒಳ್ಳೆ ಬೂಟು" ಎಂದೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ. ನಾನಿರುವ ಸುಂಡ್‌ಬೀಬರ್ಯ್‌ನ ಬೀದಿಯಲ್ಲಿ ಹಿಮ ಗಟ್ಟಿಯಾಗಿ ಗಾಜಿನಂತಾದಾಗ ಜಾರಿ ಬಿದ್ದು ಕೈ ಮುರಿದುಕೊಂಡವಳು ನಾನು. ಆದರೂ ರೈಲಿನಲ್ಲಿ ವಾಪಸು ಬರುವಾಗ ಆ ಹುಡುಗಿಯನ್ನು ಅರ್ಧ ಉತ್ತರ ಕೊಟ್ಟು ಕಳಿಸಿಬಿಟ್ಟೆ ಅನ್ನಿಸಿತು. ಉಳಿದರ್ಧ ಇಲ್ಲಿದೆ.

ನಾನು ಪ್ರೇಮಲತಾ. ಹುಟ್ಟಿ ಬೆಳೆದದ್ದು ಗದಗ-ಬೆಟಗೇರಿಯ ಮಿಶನ್ ಕಾಂಪೌಂಡಿನಲ್ಲಿ. ನರ್ಸಿಂಗ್ ಕಲಿತು, ಮದುವೆಯಾಗಿ, ಗಂಡನ ಕೆಲಸದ ಬೆನ್ನು ಹಿಡಿದು ಸ್ವೀಡನ್ನಿಗೆ ಬಂದೆ. ಮೊದಲು ಒಂದು ವೃದ್ಧಾಶ್ರಮದಲ್ಲಿ ದುಡಿದೆ, ಆಮೇಲೆ ಓದಿ ಡಿಯಾಕೋನ್ ಆದೆ. ನಮ್ಮ ಕಡೆಯ ಚರ್ಚ್ ಸಭೆಗಳಲ್ಲಿ ಸಭಾಸೇವಕಿ ಅನ್ನುತ್ತೇವಲ್ಲ, ಅದೇ. ಇಲ್ಲಿ ಅದು ಪೂರ್ತಿ ಹೊತ್ತಿನ ಕೆಲಸ. ಪಾದ್ರಿಗಳು ಪೀಠದ ಮೇಲಿಂದ ಮಾತಾಡುತ್ತಾರೆ, ನಾವು ಕಾಯಿಲೆಯವರ, ಒಂಟಿಯಾದವರ, ದಿಕ್ಕು ತೋಚದವರ ಬಾಗಿಲು ತಟ್ಟುತ್ತೇವೆ. ಪಾದ್ರಿಗಳ ಕೊರಳಪಟ್ಟಿಯೇ ಇರುವ ಹಸಿರು ಅಂಗಿ ನಮ್ಮ ಗುರುತು. ಬಡ್ತಿಯ ಬಗ್ಗೆ ಬರೆಯಲು ಏನೂ ಇಲ್ಲ. ಸೇರಿದ ದಿನ ಯಾವ ಮೆಟ್ಟಿಲ ಮೇಲೆ ನಿಂತಿದ್ದೆನೋ ಬಿಡುವ ದಿನವೂ ಅಲ್ಲೇ ನಿಂತಿದ್ದೆ. ಆದರೆ ಆ ಹಸಿರು ಅಂಗಿ ತೊಟ್ಟು ಮೆಟ್ರೋ ಹತ್ತಿದಾಗಲೆಲ್ಲ ನನ್ನ ಎದೆ ಒಂದಿಷ್ಟು ಮುಂದೆ ಬರುತ್ತಿತ್ತು. ಅದನ್ನು ಮುಚ್ಚಿಡುವುದಿಲ್ಲ.

ನನ್ನ ಮೇಲಧಿಕಾರಿ ಬಿರ್ಗಿತ್ತಾ, ಸಭೆಯ ಮುಖ್ಯ ಪಾದ್ರಿ. ಹೆಂಗಸೊಬ್ಬರು ಬಲಿಪೀಠದ ಮುಂದೆ ನಿಂತು ಪ್ರಭುಭೋಜನ ಕೊಡುವುದನ್ನು ನಾನು ಮೊದಲು ಕಂಡದ್ದು ಅವರಲ್ಲೇ. ಊರಲ್ಲಿ ಪಾದ್ರಿಗಳನ್ನು ಅಯ್ಯನವರು ಅನ್ನುವುದು ರೂಢಿ. ಇಲ್ಲಿ ಚಿಕ್ಕ ಮಕ್ಕಳೂ ಬರೀ ಹೆಸರು ಹಿಡಿದು ಕರೆಯುತ್ತಾರೆ. ನನ್ನ ನಾಲಿಗೆ ಹೊರಳಲು ಬಹಳ ಕಾಲ ಹಿಡಿಯಿತು. ಬಿರ್ಗಿತ್ತಾ ಎತ್ತರದ ಹೆಂಗಸು, ಹೊಗಳುವುದರಲ್ಲಿ ಜಿಪುಣಿ, ಬೈಯುವುದರಲ್ಲಿ ಧಾರಾಳ. ಅವರು ನನ್ನನ್ನು ಮೊದಲ ಸಲ ಬೈದದ್ದು ಕೇಕಿನ ವಿಷಯಕ್ಕೆ.

ಭಾನುವಾರದ ಆರಾಧನೆ ಮುಗಿದ ಮೇಲೆ ಪಕ್ಕದ ಹಾಲ್‌ನಲ್ಲಿ ಎಲ್ಲರಿಗೂ ಕಾಫಿ ಇರುತ್ತದೆ. ಆ ದಿನ ಕೇಕ್ ಹಂಚುವ ಕೆಲಸ ನನ್ನದು. ಲೆನ್ನಾರ್ಟ್ ಎಂಬ ಹಿರಿಯರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು, ಮೂಲೆಯಲ್ಲಿ ಬರೀ ಕಾಫಿ ಹಿಡಿದು ಕೂತಿದ್ದರು. ತಟ್ಟೆ ಹಿಡಿದು ಅವರ ಬಳಿ ಹೋದೆ. ಕೇಕ್ ತಗೊಳ್ಳಿ ಅಂದೆ, ಬೇಡ ಅಂದರು. ಬೆಟಗೇರಿಯಲ್ಲಿ ಮೊದಲನೇ ಬೇಡಕ್ಕೆ ಸುಮ್ಮನಾದರೆ ಉಪಚಾರ ಗೊತ್ತಿಲ್ಲದವಳು ಅನ್ನುತ್ತಾರೆ. ಮತ್ತೆ ಒತ್ತಾಯ ಮಾಡಿದೆ. ಒಂದು ತುಂಡು ತಿಂದರು. ಖಾಲಿ ತಟ್ಟೆ ನೋಡಿ ಇನ್ನೊಂದು ಹಾಕಿದೆ. ಅದನ್ನೂ ತಿಂದರು, ಮತ್ತೊಂದನ್ನೂ. ಮನೆಗೆ ಹೋಗಿ ಗಂಡನಿಗೆ ಹೇಳಿದ್ದೇ ಹೇಳಿದ್ದು, ಆ ಅಜ್ಜ ನನ್ನ ಮಾತಿಗೆ ಹೇಗೆ ತಿಂದರು ಅಂತ.

ಮರುದಿನ ಲೆನ್ನಾರ್ಟ್ ಆರೋಗ್ಯಕೇಂದ್ರದ ಬೆಂಚಿನ ಮೇಲಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ನಾನು ಓಡಿ ಹೋಗಿ, "ಯಾಕೆ ತಿಂದಿರಿ, ಹೇಳಬಾರದಿತ್ತೇ?" ಅಂದರೆ, "ಒಮ್ಮೆ ಬೇಡ ಅಂದಿದ್ದೆನಲ್ಲ. ಆಮೇಲೂ ನೀನು ಕೊಟ್ಟೆ, ಇದು ನಿಮ್ಮ ಧರ್ಮದ ವಿಧಿ ಇರಬೇಕು ಅಂದುಕೊಂಡೆ" ಎಂದರು. ನಾನೂ ಅವರೂ ಒಂದೇ ಧರ್ಮದವರು, ಒಂದೇ ಸಭೆಯವರು!

ಬಿರ್ಗಿತ್ತಾ ನಗಲಿಲ್ಲ. "ಪ್ರೇಮಾ, ಈ ದೇಶದಲ್ಲಿ ಬೇಡ ಅಂದರೆ ಬೇಡ. ಎರಡನೆಯ ಸಲ ಕೇಳಿದರೆ ನೀನು ಅವರ ಮಾತನ್ನು ನಂಬಲಿಲ್ಲ ಅಂತ ಅರ್ಥ. ನಮ್ಮನ್ನು ನಂಬಿ ಬಾಗಿಲು ತೆರೆಯುವವರನ್ನು ನಾವು ಬಲವಂತ ಮಾಡಬಾರದು" ಎಂದರು. ಸರಿಯಾದ ಮಾತೇ. ಅಂದಿನಿಂದ ಬಹಳ ವರ್ಷ ಸ್ವೀಡಿಷ್ ಶಿಸ್ತಿನಲ್ಲೇ ದುಡಿದೆ. ಒಮ್ಮೆ ಕೇಳುವುದು, ಬೇಡ ಅಂದರೆ ಫೋನ್ ನಂಬರಿನ ಚೀಟಿ ಕೊಟ್ಟು, ಬೂಟು ಹಾಕಿಕೊಂಡು ಹೊರಡುವುದು. ಆಮೇಲೆ ಚೀಟಿ ಹೋಗಿ ವೆಬ್‌ಸೈಟ್ ಬಂತು, ಚಾಟ್ ಬಂತು. ಸಹಾಯ ಬೇಕಾದವರು ತಾವೇ ಒಂದು ಗುಂಡಿ ಒತ್ತಬೇಕು. ಕೆಲಸ ಚೊಕ್ಕವಾಯಿತು, ಬೂಟು ಸವೆಯುವುದು ಕಡಿಮೆಯಾಯಿತು. ಗುಂಡಿ ಒತ್ತದವರು ಚೆನ್ನಾಗಿದ್ದಾರೆ ಅಂದುಕೊಂಡೆವು.

ಈ ಶಿಸ್ತು ಮುರಿದದ್ದು ಶ್ವೇತಾಳ ಮನೆಯಲ್ಲಿ.

ಶ್ವೇತಾ ಬೆಂಗಳೂರಿನ ಹುಡುಗಿ. ಗಂಡ ಮಂಜುನಾಥ ಇಲ್ಲಿಯ ಐಟಿ ಕಂಪನಿಯಲ್ಲಿದ್ದ, ಮಗಳು ಅನ್ವಿ ಡಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಹೋಗುತ್ತಿದ್ದಳು. ಒಂದು ದಿನ ಮಂಜುನಾಥ ಆಫೀಸಿನಲ್ಲೇ ಕುಸಿದು ಬಿದ್ದ. ಮೆದುಳಿನಲ್ಲಿ ರಕ್ತಸ್ರಾವ. ಜೀವ ಉಳಿಯಿತು, ಬಲಗೈ, ಬಲಗಾಲು ಮತ್ತು ಮಾತು ಹೋದವು. ನಮ್ಮ ಸಭೆಯ ಇಂಗೆರ್, ನಿವೃತ್ತ ಶಾಲಾ ಶಿಕ್ಷಕಿ, ಅದೇ ಕಟ್ಟಡದ ಕೆಳಮಹಡಿಯಲ್ಲಿದ್ದಳು. ಶ್ವೇತಾ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಸಾಮಾನಿನ ಚೀಲ ಹಿಡಿದು ಓಡುವುದನ್ನು ನೋಡಿ ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿದಳಂತೆ, ಏನಾದರೂ ಸಹಾಯ ಬೇಕೇ ಅಂತ. ಶ್ವೇತಾ ನಕ್ಕು, ಬೇಡ, ಎಲ್ಲ ಚೆನ್ನಾಗಿದೆ ಅಂದಳಂತೆ. ಇಂಗೆರ್ ಆ ಮಾತನ್ನು ಗೌರವಿಸಿ ಸುಮ್ಮನಾದಳು. ಆದರೆ ಮನಸ್ಸು ತಡೆಯದೆ ಬಿರ್ಗಿತ್ತಾಗೆ ಹೇಳಿದಳು. ಬಿರ್ಗಿತ್ತಾ ನನ್ನನ್ನು ಕರೆದುಕೊಂಡು ಹೋದರು.

ಶ್ವೇತಾ ನಮ್ಮಿಬ್ಬರಿಗೂ ಕಾಫಿ ಕೊಟ್ಟಳು. ತಾನು ಕುಡಿಯಲಿಲ್ಲ, ಕೂರಲೂ ಇಲ್ಲ. ನನ್ನ ಹಸಿರು ಅಂಗಿ ನೋಡಿ ಕೊಮ್ಯೂನ್‌ನಿಂದ, ಅಂದರೆ ನಗರಾಡಳಿತದಿಂದ, ಬಂದವಳು ಅಂದುಕೊಂಡಿದ್ದಳೆಂದು ಆಮೇಲೆ ಗೊತ್ತಾಯಿತು. ಬಿರ್ಗಿತ್ತಾ ಇಂಗ್ಲಿಷಿನಲ್ಲಿ, ನಾವು ಏನಾದರೂ ಮಾಡಬಹುದೇ ಎಂದು ಕೇಳಿದರು. "ನೋ ನೋ, ವಿ ಆರ್ ಮ್ಯಾನೇಜಿಂಗ್. ಥ್ಯಾಂಕ್ ಯು ಸೋ ಮಚ್" ಅಂದಳು. ಬಿರ್ಗಿತ್ತಾ ತಲೆಯಾಡಿಸಿ ಎದ್ದರು, ಬಾಗಿಲ ಬಳಿ ಹೋಗಿ ಬೂಟಿಗೆ ಕಾಲು ಹಾಕಿದರು.

ನಾನು ಏಳಲಿಲ್ಲ. ಸೋಫಾದ ಪಕ್ಕದಲ್ಲಿ ಒಂದು ಸೂಟ್‌ಕೇಸ್ ಬಾಯ್ತೆರೆದು ಬಿದ್ದಿತ್ತು. ಅದರ ತುಂಬ ಪುಟ್ಟ ಮಗುವಿನ ಬಟ್ಟೆ, ಎಲ್ಲ ಬೇಸಿಗೆಯವು. ಹೊರಗೆ ನೋಡಿದರೆ ಮೊಣಕಾಲುದ್ದ ಹಿಮ.

"ಮಗೂನ ಎಲ್ಲಿಗಮ್ಮ ಕಳಿಸ್ತಿರೋದು?" ಎಂದೆ.

ಅವಳು ಬೆಚ್ಚಿದಳು. "ನೀವು ಕನ್ನಡದವರಾ?" ಎಂದು ನಿಂತಲ್ಲೇ ಗೋಡೆಗೆ ಒರಗಿದಳು. "ಬೆಂಗಳೂರಿಗೆ ಆಂಟಿ. ಮುಂದಿನ ವಾರ ನನ್ ತಮ್ಮ ಬಂದು ಅನ್ವಿನ ಕರ್ಕೊಂಡ್ ಹೋಗ್ತಾನೆ. ನಂಗೆ ಹಾಸ್ಪಿಟಲ್ಲು, ಡಾಗಿಸು ಎರಡೂ ಆಗ್ತಾ ಇಲ್ಲ."

"ಅವರಪ್ಪ ಏನಂತಾರೆ?"

"ಅವನ ಕೈಲಿ ಏನ್ ಹೇಳೋಕಾಗತ್ತೆ?" ಅಂದಳು. ಆಮೇಲೆ ಅವಳೇ ಹೇಳಿದಳು: "ಅವಳನ್ನ ನೋಡಿದ್ರೆ ಮಾತ್ರ ಮಂಜು ಬಾಯಿ ತೆಗೆಯೋಕೆ ಟ್ರೈ ಮಾಡ್ತಾನೆ ಆಂಟಿ. ನಾನೊಬ್ಳೇ ಹೋದ್ರೆ ಆ ಕಡೆ ತಿರುಗಿ ಮಲಗ್ತಾನೆ. ಅವಳನ್ನ ಕಳಿಸಿದ್ರೆ ಅವನು ಟ್ರೈ ಮಾಡೋದೂ ಬಿಡ್ತಾನೆ. ಗೊತ್ತು ನಂಗೆ."

"ಗೊತ್ತಿದ್ದೂ ಕಳಿಸ್ತೀಯಾ? ಕೆಳಗಿನ ಮನೆ ಇಂಗೆರ್ ಕೇಳಿದ್ರಂತಲ್ಲಮ್ಮ, ಸಹಾಯ ಬೇಕಾ ಅಂತ."

"ಕೇಳಿದ್ರು. ಬೇಡ ಅಂದೆ. ಹೊರಟೇಹೋದ್ರು!" ಅವಳ ಧ್ವನಿಯಲ್ಲಿ ನಿಜವಾದ ನೋವಿತ್ತು. "ಒಂದ್ಸಲ ಕೇಳಿದ ತಕ್ಷಣ ಹೂಂ, ಬನ್ನಿ, ನನ್ ಮಗೂನ ನೋಡ್ಕೊಳಿ ಅಂತ ಹೇಗೆ ಹೇಳೋದು ಆಂಟಿ? ಇನ್ನೊಂದ್ಸಲ ಕೇಳ್ತಾರೆ ಅನ್ಕೊಂಡೆ. ದಿನಾ ಮೆಟ್ಲ ಮೇಲೆ ಸಿಗ್ತಾರೆ, ಹಲೋ ಅಂತಾರೆ, ಕೇಳಲ್ಲ. ಸುಮ್ನೆ ಮಾತಿಗೆ ಕೇಳಿದ್ದು ಅನ್ಕೊಂಡೆ."

ನನಗೆ ಲೆನ್ನಾರ್ಟ್ ನೆನಪಾದರು, ಬಿರ್ಗಿತ್ತಾರ ಬೈಗುಳವೂ ನೆನಪಾಯಿತು. ಆದರೂ ಕೇಳಿದೆ: "ನಾನು ಕೇಳ್ತಿದೀನಿ. ಅನ್ವಿನ ಡಾಗಿಸ್‌ನಿಂದ ಕರ್ಕೊಂಡ್ ಬರ್ಲಾ?" ಬೇಡ ಆಂಟಿ, ನಿಮಗ್ಯಾಕೆ ತೊಂದರೆ ಅಂದಳು. ಮತ್ತೆ ಕೇಳಿದೆ. ಆಗ ಅವಳ ಕಣ್ಣು ನನ್ನ ಕೊರಳಪಟ್ಟಿಯ ಮೇಲೆ, ಬಾಗಿಲಲ್ಲಿ ನಿಂತ ಪಾದ್ರಿಯ ಮೇಲೆ ಹೋಯಿತು. "ತಪ್ಪು ತಿಳ್ಕೋಬೇಡಿ ಆಂಟಿ. ಆಮೇಲೆ ನಾವು ಚರ್ಚಿಗೆಲ್ಲ ಬರಬೇಕಾಗತ್ತಾ?"

"ಬರಬೇಕಾಗಿಲ್ಲ. ನೀನು ದೀಪ ಹಚ್ಚೋವಾಗ ನಾನು ಹಾಲಲ್ಲಿ ಕೂತಿರ್ತೀನಿ. ನಾನು ಪ್ರಾರ್ಥನೆ ಮಾಡೋದು ಮೆಟ್ರೋದಲ್ಲಿ, ಅದು ನಿಂಗೆ ಕೇಳ್ಸೋದೇ ಇಲ್ಲ. ಈಗ ಹೇಳು."

ಆಗ ಅವಳು ಕೂತಳು. ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಹೂಂ ಅಂದಳು.

ಮೆಟ್ಟಿಲಿಳಿಯುವಾಗ ಬಿರ್ಗಿತ್ತಾಗೆ ಎಲ್ಲ ಸ್ವೀಡಿಷ್‌ನಲ್ಲಿ ಹೇಳಿದೆ. ಬೈಗುಳ ಕಾದಿದ್ದೆ. ಅವರು ಕೆಳಗಿನ ಬಾಗಿಲ ತನಕ ಬಂದು ನಿಂತರು. ಆಮೇಲೆ, "ಹಾಗಾದರೆ ಎಷ್ಟು ಮನೆಗಳಿಂದ ನಾವು ಹೀಗೆ ಮರ್ಯಾದೆಯಾಗಿ ವಾಪಸು ಬಂದಿದ್ದೇವೋ" ಅಂದರು. "ಆದರೆ ಒಂದು ಹೇಳು. ಲೆನ್ನಾರ್ಟರ ಬೇಡಕ್ಕೂ ಇವಳ ಬೇಡಕ್ಕೂ ವ್ಯತ್ಯಾಸ ಹೇಗೆ ತಿಳಿಯುವುದು?"

"ಬೂಟು ಹಾಕಿಕೊಂಡರೆ ತಿಳಿಯುವುದಿಲ್ಲ. ಕೂತಿದ್ದರೆ ತಿಳಿಯುತ್ತದೆ" ಎಂದೆ. ಮೇಲಧಿಕಾರಿಗೆ ಹಾಗೆ ಎದುರು ಹೇಳಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಈಗಲೂ ನೆನೆಸಿಕೊಂಡರೆ ಖುಷಿಯಾಗುತ್ತದೆ.

ಶ್ವೇತಾ ತಮ್ಮನಿಗೆ ಫೋನ್ ಮಾಡಿ, ಸದ್ಯಕ್ಕೆ ಬರಬೇಡ, ಒಂದು ತಿಂಗಳು ನೋಡೋಣ ಅಂದಳು. ಆ ಒಂದು ತಿಂಗಳಲ್ಲಿ ನಾವು ನಿಭಾಯಿಸಿ ತೋರಿಸದಿದ್ದರೆ ಮಗು ಹೋಗುತ್ತದೆ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ, ಅಂದರೆ ಕೋಟಿನ ಗುಂಡಿ ಹಾಕಿಕೊಂಡೆ. ಬೆಳಿಗ್ಗೆ ಅವರ ಮನೆಗೆ ಸಾರು ಮಾಡಿ ಒಯ್ಯುವುದು, ಮಧ್ಯಾಹ್ನ ಡಾಗಿಸ್‌ನಿಂದ ಮಗು, ಅಲ್ಲಿಂದ ಮೆಟ್ರೋ, ಬಸ್ಸು, ಆಸ್ಪತ್ರೆ, ಮತ್ತೆ ಮನೆ. ಇದರ ನಡುವೆ ನನ್ನ ಉಳಿದ ಮನೆಗಳು. ಕನ್ನಡ ಬಲ್ಲವಳು ನಾನೊಬ್ಬಳೇ, ನಾನೇ ಮಾಡಬೇಕು ಎಂಬ ಜಂಬ ಬೇರೆ. ಒಂದು ದಿನ ಬಸ್ಸಿನಲ್ಲಿ ಕೂತವಳಿಗೆ ಇಳಿಯುವ ಜಾಗ ದಾಟಿದ್ದೇ ಗೊತ್ತಾಗಲಿಲ್ಲ. ಅನ್ವಿಯೇ ಸ್ವೀಡಿಷ್‌ನಲ್ಲಿ, "ಆಂಟಿ, ನೀವು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡ್ತಿದ್ದೀರಾ" ಅಂದಳು.

ಬಿರ್ಗಿತ್ತಾ ಆಫೀಸಿಗೆ ಕರೆದು, "ಸಹಾಯ ಬೇಕೇ?" ಎಂದರು. "ಛೆ, ಏನೂ ಬೇಡ, ನಾನೇ ನೋಡಿಕೊಳ್ಳುತ್ತೇನೆ" ಅಂದೆ. ಅವರು ಏಳಲಿಲ್ಲ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಕೈಕಟ್ಟಿ, ನನ್ನನ್ನೇ ನೋಡುತ್ತ ಮತ್ತೆ ಕೇಳಿದರು, "ಸಹಾಯ ಬೇಕೇ?" ನನಗೆ ಅಳು, ನಗು ಒಟ್ಟಿಗೇ ಬಂತು. ಹೂಂ ಅಂದೆ.

ಆ ಭಾನುವಾರ ಅವರು ನನಗೆ ಯಾವ ಕೆಲಸವನ್ನೂ ಕೊಡಲಿಲ್ಲ. ಹಸಿರು ಅಂಗಿಯನ್ನೂ ಮನೆಯಲ್ಲೇ ಬಿಟ್ಟು ಬಾ ಅಂದರು. ಹಿಂದಿನ ಸಾಲಿನಲ್ಲಿ ಕೂತೆ, ಎಲ್ಲರ ಜೊತೆ ಸಾಲಿನಲ್ಲಿ ಹೋಗಿ ಕೈ ಚಾಚಿ ಪ್ರಭುಭೋಜನದ ರೊಟ್ಟಿ ತೆಗೆದುಕೊಂಡೆ. ಬಹಳ ಕಾಲದಿಂದ ನಾನು ಹಾಗೆ ಬರಿಗೈಯಲ್ಲಿ ದೇವರ ಮುಂದೆ ಹೋಗಿರಲೇ ಇಲ್ಲ. ತಟ್ಟೆ ಹಿಡಿಯುವವಳಾಗಿ, ಕುರ್ಚಿ ಜೋಡಿಸುವವಳಾಗಿ, ಯಾರನ್ನೋ ಕೈ ಹಿಡಿದು ನಡೆಸುವವಳಾಗಿ ಹೋಗಿದ್ದೆ. ಈ ಕೆಲಸಕ್ಕೆ ಸೇರುವ ಮಕ್ಕಳೇ, ಇದನ್ನು ಗಮನವಿಟ್ಟು ಓದಿ. ದೇವರ ಸೇವೆ ಮಾಡುವವರಿಗೆ ಪ್ರಾರ್ಥನೆ ಬೇಕು, ಬೈಬಲಿನ ವಾಕ್ಯ ಬೇಕು, ಅದನ್ನು ನಿಮಗೆ ಎಲ್ಲರೂ ಹೇಳುತ್ತಾರೆ. ನಿಮಗೂ ಹಸಿವಿದೆ ಅನ್ನುವುದು ಗೊತ್ತಿರಬೇಕು. ನಿಮ್ಮ ಸುಳ್ಳು ಬೇಡವನ್ನು ನಂಬದ ಒಂದು ಸಭೆ ನಿಮ್ಮ ಸುತ್ತ ಇರಬೇಕು. ಇದನ್ನು ನನಗೆ ಯಾವ ತರಗತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಸಭೆ ಬಂತು ನೋಡಿ! ಇದನ್ನು ಬರೆಯುವಾಗ ನನ್ನ ಕೈ ಬೇಗ ಓಡುತ್ತದೆ. ಇಂಗೆರ್ ಬೆಳಗಿನ ಪಾಳಿ ಹಿಡಿದಳು. ಮಗುವಿಗೆ ಹಿಮದ ಬಟ್ಟೆ ತೊಡಿಸಿ ಡಾಗಿಸ್‌ಗೆ ಬಿಡುವುದು ಅವಳದು. ನನ್ನಿಂದ ಸಾರು ಕಲಿಯುತ್ತೇನೆ ಅಂತ ಹಟ ಹಿಡಿದು, ಹುಣಸೆಹಣ್ಣು ಸಿಗದ ದಿನ ನಿಂಬೆರಸ ಹಿಂಡಿ, ಮೇಲೆ ಸಬ್ಬಸಿಗೆ ಉದುರಿಸಿ ತಂದಳು. ಶ್ವೇತಾ ತಟ್ಟೆ ಖಾಲಿ ಮಾಡಿದಳು. ಮತ್ತು ಮಧ್ಯಾಹ್ನದ ಆಸ್ಪತ್ರೆ ಪಯಣಕ್ಕೆ ಕಾರು ತೆಗೆದುಕೊಂಡು ಬಂದವರು ಯಾರು ಅಂದುಕೊಂಡಿರಿ? ಲೆನ್ನಾರ್ಟ್. "ಕೇಕ್ ಮಾತ್ರ ಕೊಡಬೇಡ" ಅಂದರು. ಕಾರಿನ ಹಿಂದಿನ ಸೀಟಿನಲ್ಲಿ ಅನ್ವಿ ದಾರಿಯುದ್ದಕ್ಕೂ ಹರಟುತ್ತಿದ್ದಳು. ಹೆಂಡತಿ ಹೋದ ಮೇಲೆ ಆ ಕಾರಿನಲ್ಲಿ ಯಾರೂ ಮಾತಾಡಿರಲಿಲ್ಲವಂತೆ.

ಒಂದು ಸಂಜೆ ಲೆನ್ನಾರ್ಟ್ ಮಗುವನ್ನು ಮನೆಗೆ ಬಿಟ್ಟು ನೇರ ನಮ್ಮ ಆಫೀಸಿಗೆ ಬಂದರು. ಟೋಪಿಯನ್ನೂ ತೆಗೆದಿರಲಿಲ್ಲ. "ಪ್ರೇಮಾ, ನಿಮ್ಮ ಭಾಷೆಯಲ್ಲಿ 'ಬಾ' ಅಂದರೆ ಏನು?" ಎಂದರು. ಹತ್ತಿರ ಕರೆಯುವ ಮಾತು ಅಂದೆ. "ಹುಡುಗಿ ಆಸ್ಪತ್ರೆ ಕೋಣೆಯ ಬಾಗಿಲಲ್ಲಿ ನಿಂತು ಹಿಮದ ಬೂಟು ಬಿಚ್ಚುತ್ತಿದ್ದಳು. ಅವಳಪ್ಪ ಎಡಗೈ ಎತ್ತಿ ಹಾಗೆ ಅಂದ. ಎರಡು ಸಲ ಅಂದ" ಎನ್ನುತ್ತ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ದೇವರಿಗೆ ಸ್ತೋತ್ರ, ಸ್ತೋತ್ರ ಅಂತ ಕನ್ನಡದಲ್ಲೇ ಅಂದೆ. ಶ್ವೇತಾಳ ತಮ್ಮ ಮತ್ತೆ ಟಿಕೆಟ್ ತೆಗೆಯಲಿಲ್ಲ.

ಎಲ್ಲವೂ ಹೀಗೆ ಸಿಹಿಯಾಗಿರಲಿಲ್ಲ. ಸಭೆಯ ಆಡಳಿತ ಸಮಿತಿಯಲ್ಲಿ ಒಬ್ಬರು ಕೇಳಿದರು, ಇಷ್ಟೆಲ್ಲ ಮಾಡುತ್ತಿದ್ದೀರಿ, ಆ ಕುಟುಂಬ ಯಾವಾಗ ಆರಾಧನೆಗೆ ಬರುತ್ತದೆ, ದೀಕ್ಷಾಸ್ನಾನದ ಮಾತೇನಾದರೂ ಇದೆಯೇ ಅಂತ. ಇಲ್ಲಿಯ ಕನ್ನಡಿಗರ ನಡುವೆ ನಾನು ಬೆಂಗಳೂರಿನ ಕನ್ನಡವನ್ನೇ ಆಡುವುದು, ಸ್ವೀಡಿಷರೊಡನೆ ಸ್ವೀಡಿಷ್. ಸಿಟ್ಟು ಬಂದರೆ ಮಾತ್ರ ಬೆಟಗೇರಿ ಹೊರಗೆ ಬರುತ್ತದೆ. "ಏನ್ರೀ, ಸಂತ್ಯಾಗ ದನಾ ಎಣಸಾಕ ಕುಂತೀರೇನ್ ನೀವು? ಹಸಿದ ಕೂಸಿಗೆ ಅನ್ನಾ ಹಾಕಿ ಲೆಕ್ಕಾ ಕೇಳ್ತಾರೇನ್ರೀ ಯಾರರೆ?" ಎಂದುಬಿಟ್ಟೆ. ಕೋಣೆಯಲ್ಲಿ ಯಾರಿಗೂ ಒಂದು ಅಕ್ಷರ ಅರ್ಥವಾಗಲಿಲ್ಲ. ಬಿರ್ಗಿತ್ತಾ ಮಾತ್ರ ನಿಧಾನವಾಗಿ ಕನ್ನಡಕ ಸರಿಮಾಡಿಕೊಂಡು, "ಪ್ರೇಮಾ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಮುಂದಿನ ವಿಷಯ" ಅಂದರು.

ಯೇಸುಸ್ವಾಮಿಯ ಹೆಸರನ್ನು ನಾನು ಎಂದೂ ಅಡಗಿಸಿಟ್ಟವಳಲ್ಲ. ಕೇಳಿದವರಿಗೆ ಹೇಳಿದ್ದೇನೆ, ಸಂತೋಷದಿಂದ ಹೇಳಿದ್ದೇನೆ. ಆದರೆ ಅವನ ಹೆಸರಿನಲ್ಲಿ ಕೊಟ್ಟದ್ದರ ಮೇಲೆ ಬಡ್ಡಿ ಹಾಕುವುದು ನಂಬಿಗಸ್ತ ಸೇವೆಯಲ್ಲ. ಶ್ವೇತಾ ಸಂಜೆ ದೀಪ ಹಚ್ಚುವಾಗ ನಾನು ಮಾತು ಕೊಟ್ಟಂತೆ ಹಾಲಿನಲ್ಲಿ ಕೂತಿರುತ್ತಿದ್ದೆ. ಅವಳು ಬಂದು ಸಕ್ಕರೆ ಪ್ರಸಾದ ಕೊಡಲು ಹಿಂದೆಮುಂದೆ ನೋಡುವಳು. ಕೊನೆಗೆ ಇಬ್ಬರೂ ಕಾಫಿ ಕುಡಿಯುತ್ತಿದ್ದೆವು.

ಹಿಮ ಕರಗಿ ಬೀದಿಯಲ್ಲಿ ಮಕ್ಕಳ ಸೈಕಲ್ಲುಗಳು ಕಾಣುವ ಹೊತ್ತಿಗೆ ಮಂಜುನಾಥ ಮನೆಗೆ ಬಂದ. ಕೋಲು ಹಿಡಿದು ಕೋಣೆಯಿಂದ ಅಡುಗೆಮನೆಗೆ ನಡೆಯುವಷ್ಟಾಗಿತ್ತು. ಕನ್ನಡದ ಸಣ್ಣ ಸಣ್ಣ ಮಾತುಗಳು ಬರುತ್ತಿದ್ದವು, ಒಂದೊಂದಕ್ಕೂ ಸಮಯ ಬೇಕು. ಅನ್ವಿ ಅವನಿಗೆ ಟೀಚರ್ ಆಗಿದ್ದಳು. ಸ್ವೀಡಿಷ್ ಬಿಟ್ಟು ಬೇರೇನೂ ಆಡದಿದ್ದ ಹುಡುಗಿ ಅಪ್ಪನಿಗಾಗಿ ಚಮಚ, ತಟ್ಟೆ, ಅನ್ನ ಅಂತ ಒಂದೊಂದನ್ನೇ ಎತ್ತಿ ಹಿಡಿದು ಹೇಳಿಕೊಡುತ್ತಿದ್ದಳು. ಶ್ವೇತಾಗೂ ಅರ್ಧ ದಿನದ ಒಂದು ಕೆಲಸ ಸಿಕ್ಕಿತ್ತು.

ಆ ಹೊತ್ತಿಗೆ ಬುಧವಾರವಷ್ಟೇ ನನ್ನ ಪಾಳಿ. ಒಂದು ಬುಧವಾರ ನಾನು ಎಂದಿನಂತೆ ಹೋದೆ. ಮಗುವನ್ನು ಡಾಗಿಸ್‌ನಿಂದ ಕರೆತಂದು, ಸಾರು ಇಳಿಸಿ, ಅವಳ ಕೋಟು ತೂಗುಹಾಕುತ್ತಿದ್ದೆ. ಶ್ವೇತಾ ಅಡುಗೆಮನೆಯಿಂದ ಕರೆದಳು. ಕೂತಿದ್ದಳು, ಮುಂದೆ ತನ್ನದೇ ಒಂದು ಲೋಟ ಕಾಫಿ ಇತ್ತು.

"ಆಂಟಿ, ಇನ್ಮೇಲೆ ನೀವು ಬರೋದು ಬೇಡ" ಎಂದಳು. "ಬುಧವಾರ ನಾನೇ ಅವಳನ್ನ ಪಿಕಪ್ ಮಾಡ್ತೀನಿ. ಅಡುಗೆ ಮಂಜುನೂ ನಾನೂ ಸೇರಿ ಮಾಡ್ಕೋತೀವಿ. ಅವನು ಒಂದ್ ಕೈಲಿ ಬೀನ್ಸ್ ಮುರೀತಾನೆ, ಗೊತ್ತಾ?"

ನಾನು ಅವಳ ಮುಖವನ್ನೇ ನೋಡಿದೆ. ಬಹಳ ವರ್ಷ ಈ ದೇಶದ ಬಾಗಿಲುಗಳಲ್ಲಿ ಬೇಡ ಎಂಬ ಮಾತನ್ನು ಕೇಳಿದವಳು ನಾನು. ನಾಚಿಕೆಯ ಬೇಡ, ಭಯದ ಬೇಡ, ಸೋತವರ ಬೇಡ, ಸಕ್ಕರೆ ಕಾಯಿಲೆಯ ಬೇಡ, ಎಲ್ಲ ಗೊತ್ತು. ಇದು ಅವುಗಳಲ್ಲಿ ಯಾವುದೂ ಅಲ್ಲ. ಅವಳು ನನ್ನ ಕಣ್ಣಿಗೆ ಕಣ್ಣು ಕೊಟ್ಟು, ನಗುತ್ತ, ಕಾಫಿ ಕುಡಿಯುತ್ತ ಹೇಳಿದ್ದಳು.

"ಸರಿಯಮ್ಮ" ಎಂದೆ. ಕೋಟು ಹಾಕಿಕೊಂಡೆ, ಬಗ್ಗಿ ಬೂಟಿನ ದಾರ ಕಟ್ಟಿಕೊಂಡೆ, ಮಂಜುನಾಥನಿಗೆ ಕೈಬೀಸಿದೆ. ಅವನು ಎಡಗೈಯಲ್ಲಿ ಒಂದು ಬೀನ್ಸ್ ಎತ್ತಿ ತೋರಿಸಿದ. ಹೊರಗೆ ಬಂದು ಲಿಫ್ಟಿಗಾಗಿ ಕಾಯುತ್ತ ನಿಂತಾಗ ಒಳಗಿನಿಂದ ಅನ್ವಿ ಅಪ್ಪನಿಗೆ ಏನೋ ತಿದ್ದುವುದು, ಅವನು ಮತ್ತೆ ಹೇಳುವುದು, ಮೂವರೂ ನಗುವುದು ಕೇಳುತ್ತಿತ್ತು. ಆ ಮನೆಯಲ್ಲಿ ಯಾರಿಗೂ ನಾನು ಬೇಕಾಗಿರಲಿಲ್ಲ. ನನ್ನ ಕೆಲಸದ ಜೀವನದಲ್ಲಿ ಇಷ್ಟು ಹೆಮ್ಮೆಯಿಂದ ನಾನು ಬೇರೆ ಯಾವ ಮನೆಯಿಂದಲೂ ಹೊರಬಂದಿಲ್ಲ.